ಗಡಿಯ ಕಾವಲು, ಗಿರಿಜನರ ಬಾಗಿಲು

ಗಡಿರಕ್ಷಣೆಗೆ ಕಾನೂನು ರಚಿಸುವವರು ಆ ಗಡಿಯನ್ನು ಕಣ್ಣಾರೆ ಕಾಣಬೇಕೆಂಬುದು ನ್ಯಾಯವೇ. ೨೦೨೧ರ ಫೆಬ್ರವರಿಯಲ್ಲಿ ಸಂಸತ್ತಿನ ರಕ್ಷಣಾ ಸ್ಥಾಯೀ ಸಮಿತಿಯು ಲಡಾಖಿನ ಗಲ್ವಾನ್ ಕಣಿವೆಗೂ ಪಾಂಗಾಂಗ್ ಸರೋವರಕ್ಕೂ ಹೋಗಿ ಬರಲು ನಿಶ್ಚಯಿಸಿತು. ಒಡಿಶಾದ ಗಿರಿಜನ ನಾಯಕರಾದ ಜುಯಲ್ ಓರಾಂ ಅವರೇ ಆಗ ಅದರ ಅಧ್ಯಕ್ಷರು. ಅಂಥವರಿಗೂ ಸರಕಾರದ ಅನುಮತಿ ಬೇಕಿತ್ತು.

ಆದರೆ ಗಡಿಯೆಂಬುದು ಸೈನಿಕರ ನೆಲೆ ಮಾತ್ರವಲ್ಲ. ಅಲ್ಲಿ ಜನರ ಮನೆಗಳಿವೆ. ನಾಗಾಲ್ಯಾಂಡಿನ ಮೋನ್ ಜಿಲ್ಲೆಯ ಲೋಂಗ್ವಾ ಗ್ರಾಮದಲ್ಲಿ ಊರ ಮುಖ್ಯಸ್ಥನ ಮನೆಯ ನಡುವೆಯೇ ಬರ್ಮಾ ಗಡಿ ಹಾದುಹೋಗಿದೆ. ಉಣ್ಣುವುದು ಒಂದು ದೇಶದಲ್ಲಿ, ಮಲಗುವುದು ಇನ್ನೊಂದರಲ್ಲಿ ಎಂದು ಜನ ವಿನೋದವಾಗಿ ಹೇಳುತ್ತಾರೆ.

ಈ ನಾಡಿಗೆ ಹೊರಗಿನವರು ಹೋಗಬೇಕಾದರೆ 'ಇನ್ನರ್ ಲೈನ್' ಪರವಾನಗಿ ಬೇಕು. ಇದರ ಮೂಲ ೧೮೭೩ರ ಬ್ರಿಟಿಷ್ ಕಾಯಿದೆ. ಅರುಣಾಚಲ, ನಾಗಾಲ್ಯಾಂಡ್, ಮಿಜೋರಂಗಳಲ್ಲಿದ್ದ ಈ ನಿಯಮವು ೨೦೧೯ರ ಡಿಸೆಂಬರಿನಲ್ಲಿ ಮಣಿಪುರಕ್ಕೂ ವಿಸ್ತರಿಸಿತು. ಆಂಗ್ಲರು ತಮ್ಮ ವ್ಯಾಪಾರದ ಹಿತಕ್ಕಾಗಿ ಎಳೆದ ಗೆರೆಯನ್ನೇ ಗಿರಿಜನರು ಇಂದು ತಮ್ಮ ನೆಲದ ಬೇಲಿಯೆಂದು ಭಾವಿಸುತ್ತಾರೆ. ಸಂವಿಧಾನದ ೩೭೧ಎ ವಿಧಿಯಂತೂ ಇನ್ನೂ ಮುಂದೆ ಹೋಗಿದೆ: ಭೂಮಿಯ ಒಡೆತನ, ಪರಭಾರೆಗಳ ವಿಷಯದಲ್ಲಿ ಸಂಸತ್ತಿನ ಶಾಸನವು ನಾಗಾಲ್ಯಾಂಡಿನ ವಿಧಾನಸಭೆ ಒಪ್ಪದ ಹೊರತು ಅಲ್ಲಿ ಅನ್ವಯಿಸದು. ಮಿಜೋರಮಿಗೂ ೩೭೧ಜಿ ವಿಧಿಯಲ್ಲಿ ಇಂಥದೇ ರಕ್ಷಣೆಯಿದೆ.

೨೦೨೪ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರವು ೧೬೪೩ ಕಿಲೋಮೀಟರುಗಳ ಬರ್ಮಾ ಗಡಿಗೆ ಬೇಲಿ ಹಾಕುವುದಾಗಿ ಸಾರಿತು. ಎರಡೂ ಕಡೆಯ ಜನ ೧೬ ಕಿಲೋಮೀಟರುಗಳವರೆಗೆ ಮುಕ್ತವಾಗಿ ಸಂಚರಿಸುವ ವ್ಯವಸ್ಥೆಯನ್ನು ನಿಲ್ಲಿಸುವುದಾಗಿಯೂ ಹೇಳಿತು. ಮಿಜೋರಂ, ನಾಗಾಲ್ಯಾಂಡ್ ವಿಧಾನಸಭೆಗಳು ಇದನ್ನು ವಿರೋಧಿಸಿ ನಿರ್ಣಯಗಳನ್ನು ಅಂಗೀಕರಿಸಿದವು. ಕಳ್ಳಸಾಗಣೆ, ಬಂಡುಕೋರರ ಉಪಟಳಗಳು ಸುಳ್ಳಲ್ಲ. ಬೇಲಿಯಾಚೆ ಉಳಿಯುವ ಬಂಧುಬಳಗವೂ ಸುಳ್ಳಲ್ಲ.

ಈ ಪ್ರಶ್ನೆಗೆ ನಮ್ಮ ಪುಣೆಯ ನಂಟೂ ಉಂಟು. ೧೯೨೭ರಲ್ಲಿ ಇಲ್ಲಿನ ಕ್ರಿಸ್ತ ಸೇವಾ ಸಂಘಕ್ಕೆ ಬಂದ ವೆರಿಯರ್ ಎಲ್ವಿನ್ ಎಂಬ ಆಂಗ್ಲ ತರುಣರು, ಮುಂದೆ ಭಾರತದ ಪ್ರಜೆಯಾಗಿ, ೧೯೫೪ರಿಂದ ಈಶಾನ್ಯ ಗಡಿನಾಡಿನ ಆಡಳಿತಕ್ಕೆ ಗಿರಿಜನ ವಿಷಯಗಳ ಸಲಹೆಗಾರರಾದರು. ಹೊರಗಿನ ಅಧಿಕಾರಿಗಳ ದಟ್ಟಣೆ ಗಿರಿಜನರ ಮೇಲೆ ಹೇರಲ್ಪಡಬಾರದು, ಅವರ ಭೂಮಿ ಕಾಡುಗಳ ಹಕ್ಕಿಗೆ ಚ್ಯುತಿ ಬರಬಾರದು ಎಂಬ ನೆಹರೂ ನೀತಿಗೆ ಅವರು ಬೆಂಬಲವಾಗಿ ನಿಂತರು.

ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ನಮಗೆ ಇದೆಲ್ಲ ದೂರದ ಮಾತೆಂದು ತೋರಬಹುದು. ೨೦೧೨ರ ಆಗಸ್ಟಿನಲ್ಲಿ ವದಂತಿಗೆ ಹೆದರಿದ ಈಶಾನ್ಯದ ಸಾವಿರಾರು ಮಂದಿ ಪುಣೆ, ಬೆಂಗಳೂರುಗಳಿಂದ ರೈಲು ಹತ್ತಿದುದನ್ನು ನಾವು ಮರೆಯಬಾರದು. ಅವರ ನೆಲಕ್ಕೆ ನಾವು ಅಪ್ಪಣೆ ಕೇಳಿ ಹೋಗಬೇಕು. ನಮ್ಮ ನಡುವೆ ಅವರು ಹೆದರದೆ ಇರಬೇಕು. ಶಾಸಕರು ಆ ಬೆಟ್ಟಗಳಿಗೆ ಅವಶ್ಯ ಹೋಗಲಿ. ಠಾಣೆಗಳನ್ನು ನೋಡಿದ ಮೇಲೆ ಲೋಂಗ್ವಾದಂಥ ಮನೆಗಳ ಜಗಲಿಯಲ್ಲಿಯೂ ಒಂದು ಗಳಿಗೆ ಕುಳಿತು ಕೇಳಿ ಬರಲಿ.