ಉಪ್ಪಿಗೆ ಅಂಜದ ಬತ್ತ

ಮೈಸೂರಿನ ಮಂಡಿ ಮೊಹಲ್ಲಾದ ಮಗ್ಗುಲಿಗೆ ಇರ್ವಿನ್ ರಸ್ತೆಯುಂಟು. ಅದೇ ವೈಸರಾಯರ ಹೆಸರನ್ನು ಮೊದಲು ಹೊತ್ತು, ಅನಂತರ ವಿಶ್ವೇಶ್ವರಯ್ಯ ನಾಲೆಯೆನಿಸಿದ ಕಾಲುವೆಯೊಂದು ಕೃಷ್ಣರಾಜಸಾಗರದಿಂದ ಹೊರಟು ಮಂಡ್ಯದ ಬಯಲಿಗೆ ಹರಿಯುತ್ತದೆ. ಮೊಹಲ್ಲಾದ ಅಡಿಗೆಮನೆಗಳಲ್ಲಿ ಬೇಯುವ ಅನ್ನಕ್ಕೂ ಆ ನಾಲೆಗೂ ಇರುವ ನಂಟನ್ನು ಮೈಸೂರಿಗರಿಗೆ ಹೇಳಬೇಕಾಗಿಲ್ಲ. 1930ರ ದಶಕದಲ್ಲಿ ಒಣಭೂಮಿ ಗದ್ದೆಯಾಯಿತು. ಆದರೆ ನಾಲೆಯ ನೀರು ಬಂದ ಕಡೆಗೆಲ್ಲ ಬಸಿಗಾಲುವೆ ಬರಲಿಲ್ಲ. ತಗ್ಗಿನ ಗದ್ದೆಗಳಲ್ಲಿ ಅಂತರ್ಜಲ ಮೇಲೇರಿತು. ಅದರೊಡನೆ ನೆಲದಾಳದ ಲವಣವೂ ಏರಿತು. ಬಿಸಿಲು ನೀರನ್ನು ಕೊಂಡೊಯ್ದು ಉಪ್ಪನ್ನು ಉಳಿಸಿತು.

ಇಂಥ ಭೂಮಿಯನ್ನು ರೈತರು ಚೌಳು ನೆಲವೆನ್ನುತ್ತಾರೆ. ಹಿಂದೆ ಅಗಸರು ಬಟ್ಟೆ ಒಗೆಯಲು ಬಳಸುತ್ತಿದ್ದ ಚೌಳು ಮಣ್ಣು ಈ ಜಾತಿಯದೇ. ಬಟ್ಟೆಯ ಕೊಳೆ ತೆಗೆಯುವ ಸೋಡಾ ಪೈರಿನ ಪ್ರಾಣವನ್ನೂ ತೆಗೆಯಬಲ್ಲದು. ಭಾರತದಲ್ಲಿ ಹೀಗೆ ಉಪ್ಪು, ಕ್ಷಾರಗಳಿಗೆ ತುತ್ತಾದ ನೆಲ ಸುಮಾರು 67 ಲಕ್ಷ ಹೆಕ್ಟೇರು.

ಉಪ್ಪು ತಿಂದವನು ನೀರು ಕುಡಿಯಲೇಬೇಕೆಂದು ಗಾದೆ. ಚೌಳು ನೆಲದ ಪೈರಿಗೆ ಆ ಭಾಗ್ಯವೂ ಇಲ್ಲ. ಬುಡದಲ್ಲಿ ನೀರು ನಿಂತಿದ್ದರೂ, ಅದರಲ್ಲಿ ಕರಗಿದ ಲವಣ ನೀರನ್ನು ತನ್ನತ್ತ ಹಿಡಿದಿಟ್ಟುಕೊಳ್ಳುವುದರಿಂದ ಬೇರು ಹೀರಲಾರದು. ಹೇಗೋ ಹೀರಿದರೆ ನೀರಿನೊಡನೆ ಸೋಡಿಯಂ ಮೇಲೇರಿ ಎಲೆಯ ತುದಿಯನ್ನು ಸುಡುತ್ತದೆ.

ಆದರೂ ಕೆಲವು ಬತ್ತದ ತಳಿಗಳು ಅಲ್ಲಿ ತೆನೆ ಹೊರುತ್ತವೆ. ಅದರ ಗುಟ್ಟು ಬೀಜದಲ್ಲಿದೆ. ಬಂಗಾಳದ ನೋನಾ ಬೊಕ್ರಾ ಎಂಬ ತಳಿಯ ಮೊದಲನೆಯ ವರ್ಣತಂತುವಿನಲ್ಲಿ ಅಡಗಿದ್ದ ವಂಶವಾಹಿಯೊಂದನ್ನು ವಿಜ್ಞಾನಿಗಳು 2005ರಲ್ಲಿ ಗುರುತಿಸಿದರು. ಅದು ರೂಪಿಸುವ ಪ್ರೋಟೀನು ನೀರ್ನಾಳಗಳ ಅಂಚಿನಲ್ಲಿ ಕಾವಲುಗಾರನಂತೆ ನಿಂತು, ಮೇಲೇರುತ್ತಿರುವ ರಸದಿಂದ ಸೋಡಿಯಮ್ಮನ್ನು ಹಿಂದಕ್ಕೆ ಸೆಳೆದುಕೊಳ್ಳುತ್ತದೆ. ಎಲೆಗೆ ಪೊಟ್ಯಾಸಿಯಂ ಹೆಚ್ಚಾಗಿ, ಸೋಡಿಯಂ ಕಡಿಮೆಯಾಗಿ ತಲುಪುತ್ತದೆ. ಸಾಮಾನ್ಯ ತಳಿಗಳಲ್ಲಿಯೂ ಈ ಕಾವಲುಗಾರನಿದ್ದಾನೆ, ಆದರೆ ಅಷ್ಟು ಚುರುಕಿನವನಲ್ಲ. ಕೇರಳದ ಪೊಕ್ಕಾಳಿಯ ಅದೇ ವರ್ಣತಂತುವಿನ ಭಾಗವನ್ನು ತಳಿಸಂಕರದ ಮೂಲಕ ಹೊಸ ಬತ್ತಗಳಿಗೆ ದಾಟಿಸಲಾಗಿದೆ.

ಕ್ಷಾರದ ಕಥೆ ತುಸು ಬೇರೆ. ಅಲ್ಲಿ ಕಬ್ಬಿಣ, ಸತುವುಗಳು ಮಣ್ಣಿನಲ್ಲಿದ್ದೂ ಬೇರಿಗೆ ದಕ್ಕುವುದಿಲ್ಲ. ಜೀವಕೋಶದೊಳಗೆ ಹೈಡ್ರೊಜನ್ ಪೆರಾಕ್ಸೈಡ್ ಎಂಬ ವಿಷ ಶೇಖರವಾಗುತ್ತದೆ. ಅದನ್ನು ಹೊರಗೆ ಚೆಲ್ಲುವ ಬಾಗಿಲುಗಳು ಕೋಶಕ್ಕಿವೆ. ಜೋಳದಲ್ಲಿ ಆ ಬಾಗಿಲುಗಳಿಗೆ ಅಗುಳಿ ಹಾಕುವ ವಂಶವಾಹಿಯೊಂದು 2023ರಲ್ಲಿ ಪತ್ತೆಯಾಯಿತು. ಅದನ್ನು ಕಿತ್ತುಹಾಕಿದಾಗ ಜೋಳ ಮಾತ್ರವಲ್ಲ, ಬತ್ತವೂ ಕ್ಷಾರ ನೆಲದಲ್ಲಿ ಹೆಚ್ಚು ಇಳುವರಿ ಕೊಟ್ಟಿತು. ಜೋಳದ ರೊಟ್ಟಿಯ ನಾಡಿಗೆ ಇದು ಸಣ್ಣ ಸುದ್ದಿಯಲ್ಲ.

ಪ್ರಯೋಗಶಾಲೆಯ ಸುದ್ದಿ ಹೀಗಿರಲು, ಕನ್ನಡನಾಡಿನದೇ ಒಂದು ಉಪ್ಪುನೆಲದ ಬತ್ತ ಉತ್ತರ ಕನ್ನಡದ ಕುಮಟಾ ತಾಲ್ಲೂಕಿನಲ್ಲಿದೆ. ಅದರ ಹೆಸರು ಕಗ್ಗ. ಅಘನಾಶಿನಿಯ ಅಳಿವೆಯ ಗಜನಿ ಭೂಮಿಗೆ ಭರತದ ನೀರು ನುಗ್ಗುತ್ತದೆ. ಮುಂಗಾರು ಉಪ್ಪನ್ನು ತೊಳೆದ ಮೇಲೆ ರೈತರು ಮೊಳಕೆ ಬರಿಸಿದ ಬೀಜವನ್ನು ಕೆಸರಿಗೆ ಎರಚುತ್ತಾರೆ, ಗೊಬ್ಬರದ ಗೊಡವೆಯಿಲ್ಲ. ಆಳೆತ್ತರಕ್ಕೆ ಬೆಳೆಯುವ ಈ ಪೈರು ನೆರೆಯನ್ನೂ ಸಹಿಸುತ್ತದೆ. ಅಕ್ಕಿ ಕೆಂಪು, ಒರಟು. ಸಣ್ಣಕ್ಕಿಗೆ ಒಗ್ಗಿದ ಪಟ್ಟಣದ ನಾಲಗೆ ಅದನ್ನು ಮೆಚ್ಚುವುದು ಕಷ್ಟ.

ಗಜನಿಯಲ್ಲಿ ಸಿಗಡಿ ಸಾಕಿದರೆ ಬತ್ತಕ್ಕಿಂತ ಹೆಚ್ಚು ಹಣವುಂಟು. ಕಟ್ಟೆ ಒಡೆದರೆ ಒಬ್ಬ ರೈತ ತನ್ನ ಗದ್ದೆಯನ್ನು ಮಾತ್ರ ರಕ್ಷಿಸಿಕೊಳ್ಳುವಂತಿಲ್ಲ. ಇಡೀ ಬಯಲಿಗೆ ಉಪ್ಪುನೀರು ನುಗ್ಗುತ್ತದೆ. ಹೀಗೆ ಕಗ್ಗ ಬಿತ್ತುವ ಗದ್ದೆಗಳು ಕುಗ್ಗುತ್ತ ಬಂದಿವೆ. ಬೀಜವನ್ನು ಶೀತಲಗೃಹದಲ್ಲಿ ಕೂಡಿಡಬಹುದು, ನಿಜ. ಆದರೆ ಅಲ್ಲಿಗೆ ಭರತದ ನೀರು ಬಾರದು, ಯಾವ ತೆನೆ ಉಪ್ಪನ್ನು ಗೆದ್ದಿತೆಂದು ನೋಡಿ ಮರುವರ್ಷಕ್ಕೆ ಆರಿಸಿಡುವ ಕೈಯೂ ಇರದು. ಮಾಣಿಕಟ್ಟಾ ಕಡೆಯ ಒಕ್ಕಲುಗಳಲ್ಲಿ ಕೆಲವರು ಆ ಆಯ್ಕೆಯನ್ನು ಇನ್ನೂ ಬಿಟ್ಟಿಲ್ಲ.