ಅಕ್ಷರದ ಅಂಚಿನಲ್ಲಿ ಜೆಪೆಗ್ ಎಡವುವುದೇಕೆ?

ಓದುಗರೊಬ್ಬರು ಕೇಳಿದ್ದಾರೆ: ‘ಅಂಕಪಟ್ಟಿಯ ಪಿಡಿಎಫ್ ಅನ್ನು ಜೆಪೆಗ್ ಚಿತ್ರವಾಗಿಸಿ ಅರ್ಜಿಯ ಜೊತೆ ಅಪ್‌ಲೋಡ್ ಮಾಡಿದೆ. ಅದರಲ್ಲಿರುವ ಫೋಟೊ ಚೆನ್ನಾಗಿಯೇ ಇದೆ, ಅಕ್ಷರಗಳ ಸುತ್ತ ಮಾತ್ರ ಕೊಳೆ ಮೆತ್ತಿದೆ. ಹಾಳೆ ಒಂದೇ ಆದರೂ ಹೀಗೇಕೆ?’

ಎಷ್ಟು ಒಳ್ಳೆಯ ಪ್ರಶ್ನೆ! ಮೊದಲು ಗಾತ್ರದ ಲೆಕ್ಕ ನೋಡೋಣ. ಎ4 ಹಾಳೆಯನ್ನು 300 ಡಿಪಿಐನಲ್ಲಿ ಚಿತ್ರವಾಗಿಸಿದರೆ ಅಡ್ಡಕ್ಕೆ 2480, ಉದ್ದಕ್ಕೆ 3508, ಒಟ್ಟು ಸುಮಾರು 87 ಲಕ್ಷ ಪಿಕ್ಸೆಲ್‌ಗಳು. ಒಂದೊಂದಕ್ಕೂ ಮೂರು ಬಣ್ಣಗಳ ಲೆಕ್ಕದಲ್ಲಿ ಮೂರು ಬೈಟ್ ಹಿಡಿದರೆ 2.6 ಕೋಟಿ ಬೈಟ್. ಅರ್ಜಿಯಲ್ಲಿ ಕೊಟ್ಟ ಮಿತಿ 100 ಕೆಬಿ ಎಂದಾದರೆ 250ಕ್ಕೂ ಹೆಚ್ಚು ಪಾಲಿನಲ್ಲಿ ಒಂದೇ ಪಾಲು ಉಳಿಯಬೇಕು. ಏನನ್ನು ಉಳಿಸಬೇಕು, ಏನನ್ನು ಬಿಡಬೇಕು?

ಇದಕ್ಕೆ ದಾರಿ ತೋರಿಸಿದವರು ನಾಸಿರ್ ಅಹ್ಮದ್. 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಇಲ್ಲಿನ ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ, ಅಮೆರಿಕದ ಕಾನ್ಸಸ್‌ನಲ್ಲಿ ಪ್ರಾಧ್ಯಾಪಕರಾದವರು. 1972ರಲ್ಲಿ ತಮ್ಮ ಯೋಚನೆಗೆ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದಿಂದ ಹಣ ಕೇಳಿದರು, ಸಿಗಲಿಲ್ಲ. ಛಲ ಬಿಡದೆ ಟಿ. ನಟರಾಜನ್, ಕೆ.ಆರ್. ರಾವ್ ಅವರೊಂದಿಗೆ 1974ರ ಜನವರಿಯಲ್ಲಿ ‘ಡಿಸ್‌ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್’ ಪ್ರಬಂಧ ಪ್ರಕಟಿಸಿದರು. 1992ರ ಜೆಪೆಗ್ ಮಾನದಂಡ ನಿಂತಿರುವುದು ಇದರ ಮೇಲೆಯೇ. ನಮ್ಮ ಫೋನಿನಲ್ಲಿ ತುಂಬಿರುವ ಜೆಪೆಗ್ ಫೋಟೊಗಳೆಲ್ಲ ಈ ಗಣಿತವನ್ನು ಹೊತ್ತಿವೆ. ಈ ಹೆಸರು ನಮ್ಮ ಶಾಲಾ ಮಕ್ಕಳಿಗೆಲ್ಲ ಗೊತ್ತಿರಬೇಕಿತ್ತು.

ಅದರ ಸೊಗಸು ಇಲ್ಲಿದೆ. ಚಿತ್ರವನ್ನು ಎಂಟಕ್ಕೆ ಎಂಟರ ಪುಟ್ಟ ಚೌಕಗಳಾಗಿ ಕತ್ತರಿಸುತ್ತಾರೆ; ಚೌಕಕ್ಕೆ 64 ಪಿಕ್ಸೆಲ್. ಆ 64 ಸಂಖ್ಯೆಗಳನ್ನು 64 ಬಗೆಯ ಅಲೆಗಳ ಮೊತ್ತವಾಗಿ ಮತ್ತೆ ಬರೆಯುತ್ತಾರೆ. ಮೊದಲನೆಯದು ಚೌಕದ ಸರಾಸರಿ ಬೆಳಕು, ಮುಂದಿನವು ನಿಧಾನದ ಅಲೆಗಳು, ಕೊನೆಯವು ಅತಿ ಸಣ್ಣ ಏರಿಳಿತಗಳು. ಇಷ್ಟರವರೆಗೆ ಏನೂ ಕಳೆದುಹೋಗಿಲ್ಲ. ಬಳಿಕ ಈ ಸಂಖ್ಯೆಗಳನ್ನು ಒರಟಾಗಿ ಭಾಗಿಸಿ ಹತ್ತಿರದ ಪೂರ್ಣಾಂಕಕ್ಕೆ ಇಳಿಸುತ್ತಾರೆ. ಸಣ್ಣ ಏರಿಳಿತಗಳು ಬಹುಪಾಲು ಸೊನ್ನೆಯಾಗುವುದು ಆಗ. ಕೆನ್ನೆ, ಆಕಾಶ, ಸೀರೆಯ ನೆರಿಗೆ ಇವುಗಳಲ್ಲಿ ಬೆಳಕು ಮೆಲ್ಲಗೆ ಬದಲಾಗುವುದರಿಂದ ನಾಲ್ಕಾರು ಅಲೆಗಳೇ ಸಾಕು, ಕಣ್ಣಿಗೆ ಕೊರತೆ ಗೊತ್ತಾಗುವುದಿಲ್ಲ.

ಅಕ್ಷರದ ಅಂಚು ಹಾಗಲ್ಲ. ಅಲ್ಲಿ ಕಪ್ಪು ಥಟ್ಟನೆ ಮುಗಿದು ಬಿಳುಪು ಶುರುವಾಗುತ್ತದೆ. ಸಣ್ಣ ಅಲೆಗಳನ್ನು ಬಿಟ್ಟು ಆ ಅಂಚನ್ನು ಮೂಡಿಸುವುದೆಂದರೆ ಬರೀ ಗುಂಡುಕಲ್ಲುಗಳಿಂದ ಚೂಪು ಅಂಚಿನ ಮೆಟ್ಟಿಲು ಕಟ್ಟಲು ಹೊರಟಂತೆ. ಉಳಿದ ಅಲೆಗಳ ಏರಿಳಿತ ಅಕ್ಷರದಾಚೆಯ ಬಿಳುಪಿಗೂ ಚಾಚುತ್ತದೆ. ಓದುಗರು ಕಂಡ ಕೊಳೆ ಇದೇ. ಅಂಥ ಚಿತ್ರವನ್ನು ಪರದೆಯ ಮೇಲೆ ಹಿಗ್ಗಿಸಿ ನೋಡಿ: ಅಕ್ಷರ ಮುಟ್ಟಿದ ಚೌಕಗಳಲ್ಲಷ್ಟೇ ಕೊಳೆ, ಪಕ್ಕದ ಚೌಕ ಶುಭ್ರ! ಕನ್ನಡಕ್ಕಂತೂ ಇದರ ಪೆಟ್ಟು ಜೋರು. ‘ದ’ಕ್ಕೂ ‘ಧ’ಕ್ಕೂ ಇರುವ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಸೀಳು, ಒತ್ತಕ್ಷರಗಳು ಇನ್ನೂ ಕಿರಿದು. ಮೊದಲು ಮಸುಕಾಗುವುದು ಅವೇ.

‘ಯಂತ್ರ ತೆಗೆದ ಪ್ರತಿ ತಪ್ಪಾಗಲು ಸಾಧ್ಯವೇ ಇಲ್ಲ’ ಎಂಬ ನಂಬಿಕೆಯನ್ನು ನಾನು ಎಲ್ಲೆಡೆ ಕೇಳುತ್ತೇನೆ. ಇದು ಕುರುಡುನಂಬಿಕೆ, ಬಿಡಬೇಕು. 2013ರಲ್ಲಿ ಜರ್ಮನಿಯ ಡೇವಿಡ್ ಕ್ರೀಸೆಲ್ ಜೆರಾಕ್ಸ್ ಕಂಪನಿಯ ಯಂತ್ರದಲ್ಲಿ ಸ್ಕ್ಯಾನ್ ಆದ ಕಟ್ಟಡದ ನಕ್ಷೆಯೊಂದನ್ನು ಪರಿಶೀಲಿಸಿದರು. ಮೂರು ಕೋಣೆಗಳ ವಿಸ್ತೀರ್ಣ 14.13, 21.11, 17.42 ಚದರ ಮೀಟರ್ ಎಂದಿರಬೇಕಾದಲ್ಲಿ ಮೂರಕ್ಕೂ 14.13 ಬಂದಿತ್ತು! ಅಲ್ಲಿ ಬಳಸಿದ್ದು ಜೆಪೆಗ್ ಅಲ್ಲ, ಜೆಬಿಗ್2 ಎಂಬ ಬೇರೊಂದು ವಿಧಾನ. ಒಂದನ್ನೊಂದು ಹೋಲುವ ತುಣುಕುಗಳು ಸಿಕ್ಕಾಗ ಅದು ಒಂದನ್ನು ಮಾತ್ರ ಉಳಿಸಿಕೊಂಡು ಎಲ್ಲ ಕಡೆ ಅದನ್ನೇ ಅಂಟಿಸುತ್ತದೆ. ಬೇರೆ ಪುಟಗಳಲ್ಲಿ 6 ಇದ್ದಲ್ಲಿ 8 ಬಂದಿತ್ತು. ಕಂಪನಿ ತಂತ್ರಾಂಶವನ್ನು ತಿದ್ದಬೇಕಾಯಿತು. ಜೆಪೆಗ್‌ನ ತಪ್ಪು ಮಸುಕಾಗಿ ಕಣ್ಣಿಗೆ ಬೀಳುತ್ತದೆ, ನಾವು ಎಚ್ಚರವಾಗುತ್ತೇವೆ. ಈ ತಪ್ಪು ಅಚ್ಚುಕಟ್ಟಾದ ಅಂಕಿಯಾಗಿ ಕೂತಿರುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ಅದಕ್ಕೇ ಅದು ಹೆಚ್ಚು ಅಪಾಯಕಾರಿ.

ಹಾಗಾದರೆ ಮಾಡುವುದೇನು? ಅವಕಾಶವಿದ್ದರೆ ಅಕ್ಷರದ ಹಾಳೆಗೆ ಪಿಎನ್‌ಜಿ ಆರಿಸಿ. ಅದು ಗಾತ್ರ ಕುಗ್ಗಿಸುವಾಗ ಒಂದು ಪಿಕ್ಸೆಲನ್ನೂ ಬದಲಿಸುವುದಿಲ್ಲ. ಜೆಪೆಗ್ಗೇ ಬೇಕೆಂದರೆ ಖಾಲಿ ಅಂಚುಗಳನ್ನು ಕತ್ತರಿಸಿ, ಬಣ್ಣ ಬೇಡವಾದಲ್ಲಿ ಬೂದುಛಾಯೆಗೆ ಇಳಿಸಿ. ಒಮ್ಮೆ ಜೆಪೆಗ್ ಆದದ್ದನ್ನೇ ಮತ್ತೆ ಮತ್ತೆ ಕುಗ್ಗಿಸದೆ, ಪ್ರತಿಸಲವೂ ಮೂಲ ಪಿಡಿಎಫ್‌ನಿಂದಲೇ ಹೊಸದಾಗಿ ಮಾಡಿ. ಕಳಿಸುವ ಮೊದಲು ಹೆಸರು, ಅಂಕ, ಸರ್ವೆ ನಂಬರು, ಮೊತ್ತ ಇವನ್ನು ಮೂಲದೊಂದಿಗೆ ತಾಳೆ ನೋಡಿ. ಮೂಲ ಕಡತವನ್ನಂತೂ ಯಾವ ಕಾರಣಕ್ಕೂ ಅಳಿಸಬೇಡಿ: ಚಿತ್ರವಾಗುವಾಗ ಬಿಟ್ಟುಹೋದದ್ದು ಮುಂದೆಂದಾದರೂ ಬೇಕಾದರೆ ಅದು ಸಿಗುವುದು ಅಲ್ಲಿ ಮಾತ್ರ.