ಪುತ್ತೂರಿಗೆ ಬಾರದ ಹಿಮ

ಪುತ್ತೂರು, ಸುಳ್ಯ, ಕಡಬದ ಮಕ್ಕಳು ಮಂಜುಗಡ್ಡೆಯನ್ನು ಕಾಣುವುದು ಐಸ್‌ಕ್ಯಾಂಡಿ ಡಬ್ಬದಲ್ಲಿ. ಕಳೆದ ಹಿಮಯುಗದಲ್ಲೂ ಹಿಮನದಿಗಳು ಇತ್ತ ಸುಳಿಯಲಿಲ್ಲ. ಆದರೂ ಇಲ್ಲಿಯ ಗುಡ್ಡ, ಕಾಡು, ಕಡಲತೀರಗಳ ಮೇಲೆ ಅವುಗಳ ಪ್ರಭಾವವಿದೆ. ಹೇಗೆ?

ಸುಮಾರು 20,000 ವರ್ಷಗಳ ಹಿಂದೆ ಉತ್ತರ ಅಮೆರಿಕ ಮತ್ತು ಉತ್ತರ ಯೂರೋಪನ್ನು ಕಿಲೋಮೀಟರುಗಟ್ಟಲೆ ದಪ್ಪದ ಹಿಮ ಮುಚ್ಚಿತ್ತು. ಅಷ್ಟೂ ನೀರು ಸಾಗರದ್ದೇ. ಆದ್ದರಿಂದ ಸಮುದ್ರಮಟ್ಟ ಇಂದಿಗಿಂತ ಸುಮಾರು 120 ಮೀಟರ್ ಕೆಳಗಿತ್ತು. ಮಂಗಳೂರಿನಾಚೆ ಕಡಲತಳದ ಇಳಿಜಾರು ಕಡಿಮೆಯಾದುದರಿಂದ ತೀರವು ಹತ್ತಾರು ಕಿಲೋಮೀಟರ್ ಪಶ್ಚಿಮಕ್ಕೆ ಸರಿದಿತ್ತು. ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡುವ ಕುಮಾರಧಾರೆಯ ನೀರು, ಇಂದು ಮೀನುದೋಣಿಗಳು ಓಡಾಡುವ ಜಾಗವನ್ನೂ ದಾಟಿ ಹರಿಯಬೇಕಿತ್ತು. ಆ ತೀರದಲ್ಲಿ ಬೇಟೆಗಾರರು ಬೀಡುಬಿಟ್ಟಿದ್ದರೆ ಅವರ ಕಲ್ಲಿನ ಆಯುಧಗಳು ಈಗ ನೀರಿನಡಿಯಲ್ಲಿರಬೇಕು. (ಪರಶುರಾಮ ಕೊಡಲಿ ಎಸೆದು ಕಡಲನ್ನು ಹಿಂದೆ ಸರಿಸಿದ ಕಥೆ ನೆನಪಾಗುವುದು ಸಹಜ, ಅದನ್ನು ಸಾಕ್ಷ್ಯವೆನ್ನಲಾಗದು.)

ಆಗ ಮುಂಗಾರೂ ಸೊರಗಿತ್ತು. ಇದರ ಗುರುತು ನೀಲಗಿರಿಯ ಜೌಗು ಮಣ್ಣಿನಲ್ಲಿದೆ. ಅಲ್ಲಿ ಪೂರ್ತಿ ಕೊಳೆಯದೆ ಪದರಪದರವಾಗಿ ಉಳಿದ ಸಸ್ಯಗಳ ಇಂಗಾಲವನ್ನು ವಿಜ್ಞಾನಿಗಳು ಅಳೆದು 1993ರಲ್ಲಿ ಪ್ರಕಟಿಸಿದರು. ಮರಗಳಲ್ಲಿಯೂ ಒಣಹವೆಯ ಹುಲ್ಲುಗಳಲ್ಲಿಯೂ ಇಂಗಾಲ-13ರ ಪ್ರಮಾಣ ಬೇರೆ ಬೇರೆ. ಹಿಮಯುಗದ ಪದರದಲ್ಲಿ ಹುಲ್ಲಿನ ಅಂಶವೇ ಹೆಚ್ಚು. ಸುಮಾರು 10,000 ವರ್ಷಗಳ ಹಿಂದೆ, ಮಳೆ ಬಲವಾದಾಗ, ಆ ಹುಲ್ಲಿನ ಅಂಶ ಇಳಿಯುತ್ತದೆ.

ಹೀಗಿರುವಾಗ ಕುಮಾರಪರ್ವತದ ಹುಲ್ಲುಗಾವಲನ್ನು ಕಂಡು, ‘ಕಾಡು ಕಡಿದ ಬೋಳುಗುಡ್ಡ, ಗಿಡ ನೆಡೋಣ’ ಎಂದು ಹೊರಡುವ ಮುನ್ನ ತುಸು ಯೋಚಿಸಬೇಕು. ಬೆಂಕಿಯ, ದನಗಳ ಮೇವಿನ ಪಾಲೂ ಅಲ್ಲಿರಬಹುದು. ಆದರೆ ಬೇಸಾಯ ಬರುವ ಮೊದಲೇ ಘಟ್ಟದ ನೆತ್ತಿಯಲ್ಲಿ ಹುಲ್ಲಿತ್ತೆಂದು ನೀಲಗಿರಿಯ ಮಣ್ಣು ಹೇಳುತ್ತದೆ. ಅಲ್ಲಿಯೇ ಹುಲ್ಲುಗಾವಲಿನಲ್ಲಿ ವಾಟಲ್ ಮರಗಳನ್ನು ನೆಟ್ಟು, ಅವು ಹಬ್ಬಿದ ಮೇಲೆ ಕೀಳುವ ಕಷ್ಟವೂ ಬಂದಿದೆ. ನಮ್ಮ ವನಮಹೋತ್ಸವದ ಉತ್ಸಾಹಕ್ಕೆ ಇದು ತಿಳಿದಿರಲಿ.

ದೂರದ ಹಿಮ ಕರಗಿ ಕಡಲು ಏರಿತು. ಸುಮಾರು 7,000 ವರ್ಷಗಳ ಹಿಂದೆ ಹೆಚ್ಚುಕಡಿಮೆ ಇಂದಿನ ಮಟ್ಟಕ್ಕೆ ಬಂತು. ನದೀಮುಖಗಳಲ್ಲಿ ನೀರಿನ ವೇಗ ತಗ್ಗಿ ಹೂಳು ನಿಂತು ತಗ್ಗುನೆಲವಾಯಿತು. ಇತ್ತ ಮೇಲ್ಗಡೆ, ಮರಳಿ ಬಂದ ಮಳೆ ಕಣಿವೆಗಳಿಗೆಲ್ಲ ನೀರು ತುಂಬಿತು. ಆಮೇಲೆ ಬಂದು ನೆಲೆಸಿದ ಜನ ಬಯಲುಸೀಮೆಯವರಂತೆ ಒಂದೇ ಕೆರೆಯ ಸುತ್ತ ಒತ್ತೊತ್ತಾಗಿ ಮನೆ ಕಟ್ಟಬೇಕಾಗಲಿಲ್ಲ. ಪುತ್ತೂರಿನಿಂದ ಸುಳ್ಯಕ್ಕೆ ಬಸ್ಸಿನಲ್ಲಿ ಹೋಗುವಾಗ ಕಿಟಕಿಯಿಂದ ನೋಡಿ: ಗುಡ್ಡದ ಬುಡದಲ್ಲಿ ಒಂದು ತೋಡು, ತೋಡಿನ ಬದಿಯಲ್ಲಿ ಅಡಿಕೆ ತೋಟ, ತೋಟದ ಮೇಲ್ಬದಿಗೆ ಒಂಟಿ ಮನೆ.